ಸಾಹೇಬರ ಖೋಲಿ

ಬಾಡಿಗೆಗಿದ್ದ ಬಿಳಿ ಮೇಮ್‌ಸಾಹೇಬರ ಆಳು ಮಾಲಿಂಗಪ್ಪ ಕಟ್ಟೆಯ ಮೇಲೆ ನಿಂತು ರುಮಾಲು ಝಾಡಿಸಿದಾಗ ಅದರೊಳಗಿಂದ ಹಸಿರು ಬಳೆಯ ಚೂರೊಂದು ಬಿತ್ತು. ಅವನು ಬಗ್ಗುವಷ್ಟರಲ್ಲಿ ಮನೆಯೊಡತಿ ಶಿವಗಂಗವ್ವ ಅದರ ಮೇಲೆ ಕಾಲಿಟ್ಟಿದ್ದಳು.

"ಯಾರದ ಇದು?"

"ಹಾದ್ಯಾಗ ಸಿಕ್ತ್ರಿ, ಅವ್ವಾರ."

"ಹಾದ್ಯಾಗ ಸಿಕ್ಕಿದ್ದನ್ನ ರುಮಾಲಿನ್ಯಾಗ ಸುತ್ಕೊಂಡು ಅಡ್ಡಾಡ್ತಾರೇನು?"

ಮಾಲಿಂಗಪ್ಪ ತಲೆ ತಗ್ಗಿಸಲಿಲ್ಲ. ಶಿವಗಂಗವ್ವನಿಗೆ ಮೈ ಉರಿಯುತ್ತಿದ್ದದ್ದೇ ಅದಕ್ಕೆ. ಮಂದಿಯ ಪೆಟ್ಟಿಗೆ ಹೊರುವವನಿಗೆ ಇಷ್ಟು ನೆಟ್ಟಗಿನ ಬೆನ್ನು ಯಾಕೆ ಬೇಕು?

ಚೂರು ಓಣಿಯ ಯಾವಳದೋ ಕೈಯದು, ಅದರಲ್ಲಿ ಅನುಮಾನವಿಲ್ಲ. ಕೊಣ್ಣೂರಿನ ಆ ಓಣಿಯ ಮರ್ಯಾದೆಗೆ ಶಿವಗಂಗವ್ವ ಯಾರೂ ನೇಮಿಸದ ಕಾವಲುಗಾರಳು. ಹೋದ ವರ್ಷ ಹುಕ್ಕೇರಿ ಕಡೆಯ ಹುಡುಗಿಯೊಬ್ಬಳು ಬ್ಯಾಂಡು ಬಾರಿಸುವ ಗೋವೆಯ ಕಿರಿಸ್ತಾನನ ಕೈಹಿಡಿದು ಇಲ್ಲಿಗೆ ಸಂಸಾರ ಹೂಡಲು ಬಂದಾಗ ಬಾವಿಯ ಹಗ್ಗವನ್ನೇ ಬಿಚ್ಚಿ ಒಳಗಿಟ್ಟುಕೊಂಡವಳು ಅವಳು. ಕುಡಿಯಲು ನೀರಿಲ್ಲದೆ ಆ ಜೋಡಿ ಮೂರೇ ದಿನಕ್ಕೆ ಗಂಟು ಕಟ್ಟಿತ್ತು.

ಮೇಮ್‌ಸಾಹೇಬರು ಬಾಡಿಗೆಗೆ ಬಂದ ದಿನ ಆ ಕಥೆಯನ್ನು ಅವಳು ಹೆಮ್ಮೆಯಿಂದಲೇ ಹೇಳಿದ್ದಳು. ಜರ್ಮನ್ ಲಡಾಯಿ ಮುಗಿದ ಹೊಸತು. ದೂರದ ಬಸ್ರಾದ ದಂಡಿನ ದವಾಖಾನೆಯಲ್ಲಿ ನರ್ಸ್ ಆಗಿದ್ದ ಅವರಿಗೆ ಇಲ್ಲಿಯ ಗಿರಣಿಯ ದವಾಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬಂಗಲೆಯಲ್ಲಿ ಜಾಗ ಕೊಡುತ್ತೇವೆಂದರೂ ಒಲ್ಲೆನೆಂದು ಘಟಪ್ರಭಾ, ಗೋಕಾಕವೆಲ್ಲ ಸುತ್ತಿ, ಎಲ್ಲೂ ಮನೆ ಹೊಂದದೆ ಬಂದಿದ್ದರು.

"ಕಲಬೆರಕಿ ಸಂಸಾರಕ್ಕ ನಮ್ಮ ಓಣ್ಯಾಗ ಜಾಗಾ ಇಲ್ರಿ," ಎಂದು ಕಥೆ ಮುಗಿಸಿದ ಶಿವಗಂಗವ್ವ, "ನಿಮ್ಮ ಸಾಹೇಬ್ರು ಎಲ್ಲದಾರ್ರಿ?" ಎಂದು ಕೇಳಿದಳು.

ಮೇಮ್‌ಸಾಹೇಬರು ಫ್ರಾಕಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. "ದಂಡಿನ್ಯಾಗ ಇದ್ರು. ನಮಗ ಮನಿ ಹೊಂದಿದ ಮ್ಯಾಲ ಬರ್ತಾರ್ರಿ." ಅವರ ಕನ್ನಡ ಹತ್ತಿರದ ಘೋಡಗೇರಿ ಊರಿನವರ ಮಾತಿನಂತೆಯೇ ಇತ್ತು.

"ಈ ಪೆಟ್ಟಿಗಿ ಹೊತ್ತಾಂವ?"

"ನಾ ಆಳ್ರಿ, ಘೋಡಗೇರ್ಯಾಂವ," ಎಂದು ಮಾಲಿಂಗಪ್ಪನೇ ಮುಂದಾಗಿ ಹೇಳಿದ್ದ. "ಕನ್ನಡ ನಾನ ಕಲಿಸೀನ್ರಿ."

ಬಿಳಿ ಸಾಹೇಬ ತನ್ನ ಮನೆಯಲ್ಲಿ! ಶಿವಗಂಗವ್ವನಿಗೆ ನೆಲವೇ ಕಾಣಲಿಲ್ಲ. ದೊಡ್ಡ ಖೋಲಿಗೆ ಸುಣ್ಣ ಹೊಡೆಸಿ, ಸಾಗವಾನಿ ಮಂಚ ಹಾಕಿಸಿ, ಸಾಹೇಬರು ಬಂದ ದಿನವೇ ತೆಗೆಯುವುದೆಂದು ಬೀಗ ಜಡಿದಳು. ಪಕ್ಕದ ಮನೆಯ ರಾಯವ್ವ ಮೇಮ್‌ಸಾಹೇಬರ ಹಣೆಗೆ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ಫ್ರಾಕನ್ನೇ ಉಡಿಯಂತೆ ಹಿಡಿದು ನಿಂತ ಅವರ ಕಣ್ಣು ತುಂಬಿ ಬಂದವು. ಇಂಥ ಓಣಿ ಎಲ್ಲಿ ಸಿಕ್ಕೀತು ಎಂದು ಶಿವಗಂಗವ್ವನೂ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಆಮೇಲೆ ಕಂಡ ಅವರ ರೀತಿಯೇ ಬೇರೆ. ತಾವೇ ರೊಟ್ಟಿ ಬಡಿದು ಮೊದಲು ಕಟ್ಟೆಯ ಮೇಲಿನ ಆಳಿಗೆ ಕೊಡುವರು. ಅವನು ಉಂಡೆದ್ದ ಮೇಲೆಯೇ ತಾವು ತುತ್ತೆತ್ತುವರು. "ವಿಷಾಗಿಷಾ ಐತೇನು ಅಂತ ಆಳಿಗೆ ಉಣಿಸಿ ನೋಡ್ತಾರ. ರಾಜರ ಮನಿ ಪದ್ಧತಿ," ಎಂದು ಶಿವಗಂಗವ್ವ ರಾಯವ್ವನಿಗೆ ತಿಳಿಸಿ ಹೇಳಿದ್ದಳು. ಅವನ ಹೆಸರನ್ನಂತೂ ಅವರು ಒಮ್ಮೆಯೂ ನಾಲಿಗೆಗೆ ತಂದವರಲ್ಲ. ದೊಡ್ಡವರು ಆಳುಗಳ ಹೆಸರು ನೆನಪಿಡುತ್ತಾರೆಯೇ? ಎಂಥ ಬಿಸಿಲಲ್ಲೂ ಮಣಿಕಟ್ಟಿನ ಗುಂಡಿ ಬಿಚ್ಚದ ಗಂಭೀರ ಹೆಂಗಸು. ಅಂಥವರ ಆಳು ಇಂಥವನೇ?

ಶಿವಗಂಗವ್ವ ಚೂರನ್ನು ಹಿಡಿದು ಬಾವಿಕಟ್ಟೆಗೆ ಹೋಗಿ ಎಲ್ಲರ ಕೈ ನೋಡಿದಳು. ಎಲ್ಲರವೂ ಹಸಿರು ಬಳೆಗಳೇ. ಸಿಟ್ಟು ನೆತ್ತಿಗೇರಿ ತಿರುಗಿ ಬಂದು ಮೇಮ್‌ಸಾಹೇಬರೆದುರು ನಿಂತಳು.

"ಇವತ್ತಿಂದ ಇಂವಾ ಕಟ್ಟಿ ಮ್ಯಾಲ ಮಲಗೂದು ಬ್ಯಾಡ. ದನದ ಕೊಟ್ಟಿಗ್ಯಾಗ ಮಲಗ್ಲಿ. ಹೊರಗಿಂದ ಅಗಳಿ ಹಾಕ್ತೀನಿ."

ಮೇಮ್‌ಸಾಹೇಬರ ಮುಖ ಸುಣ್ಣದಂತಾಯಿತು. "ಅಲ್ಲಿ ಹುಳಾಹುಪ್ಪಡಿ ಇರ್ತಾವ್ರಿ, ಅವ್ವಾರ. ಬ್ಯಾಡ್ರಿ. ನಾವು ಮನೀನ ಬಿಟ್ಟು..."

"ಇರ್ಲಿ ಬಿಡ್ರಿ ಬಾಯಿಸಾಹೇಬ," ಎಂದು ಮಾಲಿಂಗಪ್ಪ ಅಡ್ಡ ಬಂದ. "ಈ ಮನಿ ಬಿಟ್ಟು ಇನ್ನ ಯಾವ ಊರಿಗೆ ಹೋಗೂದು?"

ಆ ರಾತ್ರಿ ಕೊಟ್ಟಿಗೆಯ ಬಾಗಿಲು ಬಡಿದ ಸದ್ದು ಶಿವಗಂಗವ್ವನಿಗೆ ಕೇಳಿಸಿತ್ತು. ಬಡಿಯಲಿ, ಸೊಕ್ಕು ಇಳಿಯಲಿ ಎಂದು ಅವಳು ಮಗ್ಗುಲು ಬದಲಿಸಿದ್ದಳು.

ಬೆಳಿಗ್ಗೆ ಹಾಲು ಹಿಂಡಲು ಹೋಗಿ ಅಗಳಿ ತೆಗೆದಾಗ ಬಾಗಿಲಿಗೆ ಒರಗಿದ್ದ ಮಾಲಿಂಗಪ್ಪ ಹೊರಗೆ ಉರುಳಿದ. ಮೈ ತಣ್ಣಗಾಗಿತ್ತು. ಕಪ್ಪಿಟ್ಟು ಬಾತ ಪಾದದ ಮೇಲೆ ಹಾವಿನ ಹಲ್ಲಿನ ಗುರುತಿತ್ತು.

ಓಣಿ ನೆರೆಯಿತು. ಶಿವಗಂಗವ್ವನ ಬಾಯಿ ಆಗಲೂ ಸುಮ್ಮನಿರಲಿಲ್ಲ. "ಆಳಿನ ಹೆಣಾ ಮನಿಯೊಳಗ ಬ್ಯಾಡ. ತಿಪ್ಪಿ ಬಾಜೂಕ ಹಾಕ್ರಿ. ಘೋಡಗೇರಿಗೆ ಹೇಳಿ ಕಳಸೂಣು."

ಮೇಮ್‌ಸಾಹೇಬರು ಜನರನ್ನು ಸರಿಸಿ ಬಂದರು. ಹೆಣದ ಪಕ್ಕ ಕೂತು ನಾಡಿ ಹಿಡಿದು ನೋಡಿ, ಅವನ ಕಣ್ಣು ಮುಚ್ಚಿದರು. ಅಳಲಿಲ್ಲ. ಮಣಿಕಟ್ಟಿನ ಗುಂಡಿ ಬಿಚ್ಚಿ ಫ್ರಾಕಿನ ಎರಡೂ ತೋಳುಗಳನ್ನು ಮೇಲೆ ಸರಿಸಿದರು. ಬಿಳಿ ಕೈಗಳ ತುಂಬ ಹಸಿರು ಬಳೆಗಳಿದ್ದವು.

"ಶಿವಗಂಗವ್ವಾರ," ಎಂದರು, "ಸಾಹೇಬ್ರ ಖೋಲಿ ಬೀಗಾ ತಗೀರಿ. ಅವರು ಬಂದಾರ."