ಎರಡನೇ ಸಲ ಹಾಕಿಸಿಕೊಂಡ ದಿನಗಳು

ಅಡುಗೆಮನೆಯ ಸ್ಮಾರ್ಟ್ ಗೋಡೆ ದಿನವೂ ಅಡುಗೆ, ಊಟ ಗಮನಿಸಿ ಬರೆದಿಟ್ಟ ವರದಿಗಳು ಒಂಬತ್ತು ವರ್ಷದಷ್ಟು ಸೇರಿದ್ದವು. ಹುಡುಕಿದ್ದು ಥಟ್ಟನೆ ಸಿಗುವಂತೆ ಅವಕ್ಕೆ ಇಂಡೆಕ್ಸ್ ಹಾಕಲು ನೀಲವ್ವ, ಕಂಪ್ಯೂಟರ್ ಕೆಲಸ ಬಲ್ಲ ಓಣಿಯ ಹುಡುಗಿ ರಜಿಯಾಳನ್ನು ಕರೆಸಿದ್ದಳು. ಅಂದು ಮಧ್ಯಾಹ್ನ ಮಾವನ ಎಪ್ಪತ್ತನೇ ಹುಟ್ಟುಹಬ್ಬದ ಊಟ. ಅಡುಗೆ ಚೆನ್ನಾಗಿದೆ ಎಂದು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ.

“ಯಾವುದರ ಮ್ಯಾಲೆ ಹುಡುಕೂ ಹಂಗ ಮಾಡ್ಲಿ ಅಕ್ಕಾರ? ಉಪ್ಪು, ಖಾರ, ತಾರೀಖು?”

“ಅವೆಲ್ಲಾ ಬ್ಯಾಡ. ಮಾವನೋರು ಎರಡನೇ ಸಲ ಬದನೀಕಾಯಿ ಎಣಗಾಯಿ ಹಾಕಿಸ್ಕೊಂಡ ದಿನ ಸಿಗಬೇಕು. ಅವತ್ತಿನಂಗ ಇವತ್ತ ಮಾಡ್ತೀನಿ.”

ರಜಿಯಾ ಹಾಗೆ ಹುಡುಕುವ ನಿಯಮ ಬರೆದಳು. ಗೋಡೆಯ ಮೇಲೆ ಹನ್ನೊಂದು ವರದಿಗಳು ಮೂಡಿದವು. ಒಂದರಲ್ಲಿ ಉಪ್ಪು ಹೆಚ್ಚಾಗಿತ್ತು, ಇನ್ನೊಂದರಲ್ಲಿ ಬದನೆಕಾಯಿ ತಳ ಹಿಡಿದಿತ್ತು. ಹನ್ನೊಂದರಲ್ಲೂ ಇದ್ದದ್ದು ಒಂದೇ ಸಾಲು: ಊಟ ಒಂದು ತಾಸು ತಡ.

ನೀಲವ್ವ ಆಗಷ್ಟೇ ಒಲೆಗಿಟ್ಟಿದ್ದ ಬದನೆಕಾಯಿಯ ಬಾಣಲೆ ಇಳಿಸಿ ಚಹಾಕ್ಕೆ ನೀರಿಟ್ಟಳು.

“ಕುಂದರು ರಜಿಯಾ, ಈಗೇನು ಗಡಿಬಿಡಿ ಇಲ್ಲ.”