ಟೆಂಟೇಟಿವ್ ಅಂದ್ರೆ ಏನು

ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಆ ದಿನ ನೆನಪಾಗಿ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನಾನಾಗ ಐದನೇ ಕ್ಲಾಸು. ಆಂಧ್ರದ ಹಿಂದೂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿ, ಚಿಕ್ಕಮ್ಮ ಇಬ್ಬರೂ ಹುಣಸೆಬೀಜ ಬಿಡಿಸುತ್ತಿದ್ದರು. ಕಲ್ಯಾಣದುರ್ಗದ ಒಂದು ಹಾಸ್ಟೆಲಿನ ವಾರ್ಡನ್ ಕೆಲಸಕ್ಕೆ ಚಿಕ್ಕಮ್ಮ ಅರ್ಜಿ ಹಾಕಿದ್ದಳು. ಅಂದು ಮಧ್ಯಾಹ್ನ ಬಂದ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿತ್ತು. ಆದರೆ ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ‘ಟೆಂಟೇಟಿವ್’ ಎಂದು ಬರೆದಿತ್ತು.

“ಇಂಗ್ಲಿಷ್ ಮೀಡಿಯಂ ಓದ್ತೀಯಲ್ಲ, ಅಂಗಂದ್ರೇನು ಹೇಳು” ಎಂದಳು ಚಿಕ್ಕಮ್ಮ.

ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. “ಕೆಲಸ ಸಿಕ್ತು ಅಂತ” ಎಂದುಬಿಟ್ಟೆ. ಚಿಕ್ಕಮ್ಮ ಅಂಟುಗೈಯಲ್ಲೇ ನನ್ನ ಕೆನ್ನೆ ಹಿಡಿದು ಮುತ್ತಿಟ್ಟಳು. ಅಜ್ಜಿ ಬೀದಿಗೆಲ್ಲ ಸಕ್ಕರೆ ಹಂಚಿ ಬಂದಳು.

ಸಂಜೆ ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರು ಬಂದು ಪಟ್ಟಿ ನೋಡಿದರು.

“ಇದು ಲ್ಯಾಟಿನ್‌ನಿಂದ ಬಂದ ಪದ ಕಣಮ್ಮ. ಮುಟ್ಟಿ ನೋಡೋದು, ಪ್ರಯತ್ನ ಮಾಡೋದು ಅಂತ ಮೂಲ ಅರ್ಥ. ಈಗ ಇನ್ನೂ ಖಚಿತ ಇಲ್ಲ ಅಂತ.”

“ಅದೆಲ್ಲ ಇರ್ಲಿ ಸಾರ್. ಕೆಲಸ ಐತಾ ಇಲ್ವಾ, ಅದನ್ನ ಹೇಳಿ.”

“ಇರಬೌದು. ಇಲ್ದೇನೂ ಇರಬೌದು.”

“ಅಂಗಂತ ತೆಲುಗುನಾಗೆ ಬರಿಯಾಕೆ ಅವರಿಗೇನು ರೋಗ?” ಎಂದು ಚಿಕ್ಕಮ್ಮ ಹುಣಸೆಯ ಮೊರವನ್ನು ಕಾಲಲ್ಲಿ ಆಚೆ ತಳ್ಳಿದಳು. ನನಗೆ ಒಂದು ಮಾತೂ ಬೈಯಲಿಲ್ಲ. ಅಜ್ಜಿ ಮಾತ್ರ, “ಅಯ್ಯೋ ದೇವುಡಾ, ಹಂಚಿದ ಸಕ್ಕರೆ ವಾಪಸ್ ಕೇಳಾಕಾಯ್ತದಾ?” ಎಂದು ಹಣೆ ಚಚ್ಚಿಕೊಂಡಳು.

ಮುಂದಿನ ತಿಂಗಳು ಇನ್ನೊಂದು ಪಟ್ಟಿ ಬಂತು. ಅದರಲ್ಲಿ ಚಿಕ್ಕಮ್ಮನ ಹೆಸರಿರಲಿಲ್ಲ. ಮೇಲೆ ‘ಫೈನಲ್’ ಎಂದಿತ್ತು. ಅದರ ಅರ್ಥವನ್ನು ಯಾರೂ ನನ್ನ ಕೇಳಲಿಲ್ಲ.