ನರಿಗೊಂದು ದೃಷ್ಟಿಬೊಟ್ಟು

"ಇದು ಯಾರು ಮಗಾ?" ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ ನೇರಳೆ ಬಣ್ಣದ ನರಿಮುಖವನ್ನು ನೋಡಿ ರಮಾಮಣಿ ಕೇಳಿದರು. ನರಿಯ ಕಿವಿಯಲ್ಲಿ ಝುಮಕಿ, ಮೂಗಿನಲ್ಲಿ ನತ್ತು.

"ನಾನೇ, ಅಜ್ಜಿ," ಎಂದಳು ಮೊಮ್ಮಗಳು ಸಂಜನಾ. "ಈ ಕ್ರಿಪ್ಟೋ ಹಣದ ಗ್ರೂಪಲ್ಲಿ ಯಾರೂ ಸ್ವಂತ ಮುಖ ತೋರ್ಸೋದಿಲ್ಲ. ಗ್ರೂಪಿಗೆ ಬರೋ ಹೊಸಬರಿಗೆ ದಾರಿ ಹೇಳೋದು ನನ್ನ ಕೆಲಸ. ಈ ನರಿ ಹೇಳಿದ್ರೆ ಎಲ್ಲ ನಂಬ್ತಾರೆ. ಪೂರಾ ದುನಿಯಾ ನೋಡುತ್ತೆ ಇದನ್ನ!"

"ಊರೆಲ್ಲ ನೋಡ್ತದಾ? ಹೀಗೇ, ಬರೀ ಮುಖದಲ್ಲಿ?"

ಸಂಜನಾ ನಗುತ್ತ, ಘಣಸೋಲಿಯ ಫ್ಲ್ಯಾಟಿನ ನಲ್ಲಿಯಲ್ಲಿ ನೀರು ನಿಲ್ಲುವ ಮೊದಲೇ ಸ್ನಾನ ಮುಗಿಸಲು ಓಡಿದಳು. ರಮಾಮಣಿಗೆ ಕೂತಲ್ಲಿ ಕೂರಲಾಗಲಿಲ್ಲ. ಉಡುಪಿ ಕಡೆಯ ಹಳ್ಳಿಯಲ್ಲಿದ್ದಾಗ, ಕಪ್ಪು ದಾರ ಕಟ್ಟದೆ ಎಳೆಗರುವನ್ನು ಹಟ್ಟಿಯಿಂದ ಹೊರಗೆ ಬಿಟ್ಟವರಲ್ಲ ಅವರು. ಸೋರೆಬಳ್ಳಿಯ ಪಕ್ಕದಲ್ಲೂ ಸುಣ್ಣದ ಬೊಟ್ಟಿಟ್ಟ ಮಡಕೆ ಕವುಚುತ್ತಿದ್ದರು. ಕಾಡಿಗೆ ಡಬ್ಬಿ ತಂದು, ನರಿಯ ಎಡಗೆನ್ನೆಗೆ ಬೆರಳೊತ್ತಿದರು.

"ಅಜ್ಜೀ! ಯೇ ಕ್ಯಾ ಹೈ? ಸ್ಕ್ರೀನಿಗೆ ಯಾರಾದ್ರೂ ಕಾಡಿಗೆ ಹಚ್ತಾರಾ?" ಎಂದಳು ಸ್ನಾನ ಮುಗಿಸಿ ಬಂದ ಸಂಜನಾ.

"ಸ್ಕ್ರೀನಿಗೆ ಎಲ್ಲಿ ಹಚ್ಚಿದೆ ಮಾರಾಯ್ತಿ? ನಿನಗೆ ಹಚ್ಚಿದ್ದು."

ಸಂಜನಾ ಟವೆಲಿನ ತುದಿಯಿಂದ ಪರದೆ ಒರೆಸಿದಳು. ಅಜ್ಜಿಯ ಮುಖ ಬಾಡಿದ್ದು ಕಂಡು, ಚಿತ್ರದ ಅದೇ ಕೆನ್ನೆಗೆ ಮೌಸಿನಿಂದ ಒಂದು ಕಪ್ಪು ಚುಕ್ಕಿ ಇಟ್ಟು, ಗ್ರೂಪಿನಲ್ಲೂ ಆ ಚಿತ್ರವನ್ನೇ ಹಾಕಿದಳು. "ಇನ್ನು ಒರೆಸಿದ್ರೂ ಹೋಗೋದಿಲ್ಲ. ಖುಷಿನಾ?"

ಆ ವಾರವೇ ಒಂದು ಮಧ್ಯಾಹ್ನ ಅವಳು ಅರ್ಧ ಊಟ ಬಿಟ್ಟು ಎದ್ದಳು. ಯಾರೋ ಅವಳ ನರಿಮುಖವನ್ನು ಕದ್ದು, ಅವಳ ಹೆಸರಿಟ್ಟುಕೊಂಡು, ಗ್ರೂಪಿನವರ ಪಾಸ್‌ವರ್ಡ್ ಕೇಳುತ್ತಿದ್ದರು.

"ಒಬ್ರು ಕೊಟ್ರೂ ನನ್ನ ಹೆಸರು ಖತಮ್, ಅಜ್ಜಿ. ನಾನೇ ನಾನು ಅಂತ ಹೇಗೆ ತೋರಿಸ್ಲಿ?"

ರಮಾಮಣಿ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತರು.

ಪರದೆಯಲ್ಲಿ, ಗ್ರೂಪಿನವರೊಬ್ಬರು ಆ ಕಳ್ಳನಿಗೆ ಬರೆದ ಒಂದು ಸಾಲು ಮೂಡಿತು. ಸಂಜನಾ ಗಟ್ಟಿಯಾಗಿ ಓದಿದಳು: "ನೀನು ನಮ್ಮ ನರಿಯಲ್ಲ. ಕೆನ್ನೆಯ ಚುಕ್ಕಿ ಎಲ್ಲಿ?"

ಕಳ್ಳ ಕದ್ದದ್ದು ಹಳೆಯ ಚಿತ್ರವನ್ನು. ಸಂಜನಾ ಅಳುತ್ತಲೇ ನಕ್ಕಳು. ಆ ಚುಕ್ಕಿ ತನ್ನ ಅಜ್ಜಿ ಇಟ್ಟದ್ದು, ಕೆಟ್ಟ ಕಣ್ಣು ತಾಗದಿರಲೆಂದು, ಎಂದು ಎಲ್ಲರಿಗೂ ಬರೆದಳು.

ಸಂಜೆ ಅವಳೇ ಅಜ್ಜಿಯನ್ನು ಕರೆದು ತೋರಿಸಿದಳು. ಟೋಪಿ ಹಾಕಿದ ಮಂಗ, ಒಂಟಿಕಣ್ಣಿನ ರೋಬೋ, ಸಿಗಾರು ಸೇದುವ ಗಿಳಿ, ಗ್ರೂಪಿನ ಎಲ್ಲ ಮುಖಗಳ ಎಡಗೆನ್ನೆಯಲ್ಲೂ ಒಂದೊಂದು ಕಪ್ಪು ಚುಕ್ಕಿ.

ರಮಾಮಣಿ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡಿದರು.

"ಹಾಗಾದ್ರೆ ಇವರ ಮನೆಯಲ್ಲೂ ಅಜ್ಜಿ ಇದ್ದಾರೆ, ಅಲ್ವಾ?"